ಬೀಗದಕೈ ಕಾಯುತ್ತಿದ್ದ ಲಲಿತಕ್ಕ

ಲಲಿತಕ್ಕನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಒಂದು ಕಾಫಿ ಗೋಣಿಚೀಲವಿತ್ತು. ಅದರ ತುಂಬ ಚೂರುಬಟ್ಟೆ. ಬ್ಲೌಸು ಹೊಲಿದು ಉಳಿದ ತುಂಡುಗಳು, ಲಂಗದ ಅಂಚುಗಳು, ಶಾಲೆಯ ಯೂನಿಫಾರಂನ ನೀಲಿ ಚಿಂದಿಗಳು. ನೋಡಿದವರಿಗೆ ಅದು ದಿಂಬಿಗೆ ತುಂಬಲು ಎತ್ತಿಟ್ಟ ಕಸ. ಮೂಡಿಗೆರೆಯ ನಲವತ್ತಕ್ಕೂ ಹೆಚ್ಚು ಮನೆಗಳ ಮತ್ತು ಹತ್ತಾರು ಜೀಪು, ಕಾರುಗಳ ಎರಡನೇ ಬೀಗದಕೈಗಳು ಆ ಕಸದೊಳಗೆ ಇದ್ದವು. ಲಲಿತಕ್ಕ ಊರವರ ಕೀ ಇಟ್ಟುಕೊಳ್ಳುತ್ತಾರೆ ಎಂಬುದು ಬಸ್ ಸ್ಟ್ಯಾಂಡಿನ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಇಟ್ಟಿದ್ದಾರೆ ಎಂಬುದು ಕೀ ಕೊಟ್ಟವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಂದೊಂದು ಕೀಯನ್ನೂ ಅವರು ಹೆಬ್ಬೆರಳಿನಷ್ಟು ಚಿಕ್ಕ ಬಟ್ಟೆಯ ಚೀಲದೊಳಗಿಟ್ಟು ಬಾಯಿ ಹೊಲಿದುಬಿಡುತ್ತಿದ್ದರು. ಆ ಬಟ್ಟೆ ಕೀ ಕೊಟ್ಟವರದ್ದೇ ಆಗಿರಬೇಕು, ಅವರು ಹೊಲಿಸಿಕೊಂಡ ಯಾವುದೋ ಉಡುಪಿನ ಉಳಿಕೆ. ಮೇಲೆ ಹೆಸರಿಲ್ಲ, ನಂಬರಿಲ್ಲ, ಒಂದು ಗುರುತಿನ ಗಂಟೂ ಇಲ್ಲ. "ಕೀಗೆ ಹೆಸರು ಬರೆದು ಕಟ್ಟಿದ್ರೆ ಅದು ಕಳ್ಳನಿಗೆ ನಾವೇ ಬರೆದ ಕಾಗದ ಆಗ್ತದೆ" ಎನ್ನುತ್ತಿದ್ದರು. ಯಾರಾದರೂ ಬಂದು ಕೇಳಿದರೆ ಕುಳಿತಲ್ಲಿಂದಲೇ ಚೀಲಕ್ಕೆ ಕೈ ಹಾಕುವರು. ತುಟಿಯಲ್ಲಿ ಗುಂಡುಸೂಜಿ, ಕಣ್ಣು ರಸ್ತೆಯ ಮೇಲೆ. ಬೆರಳು ಮಾತ್ರ ಒಳಗೆ ರೇಷ್ಮೆ ಯಾವುದು, ವಾಯ್ಲ್ ಯಾವುದು, ಪಾಪ್ಲಿನ್ ಯಾವುದು ಎಂದು ಹುಡುಕುತ್ತಿತ್ತು. ನಾನು ನೋಡಿದ ಅಷ್ಟೂ ವರ್ಷಗಳಲ್ಲಿ ಆ ಬೆರಳು ತಪ್ಪಿದ್ದು ಒಂದೇ ಸಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೈಸ್ಕೂಲ್ ಟೀಚರಾಗಿ ಕಡೂರಿನ ಕಡೆಯಿಂದ ಮೂಡಿಗೆರೆಗೆ ಬಂದೆ. ಬಾಡಿಗೆಗೆ ಸಿಕ್ಕಿದ ಮನೆಯ ಬಾಗಿಲಿಗೆ, ಮುಚ್ಚಿದರೆ ತಾನೇ ಬೀಗ ಬೀಳುವ ನೈಟ್ ಲ್ಯಾಚ್ ಇತ್ತು. ಬಂದ ವಾರದಲ್ಲೇ ಹಾಲು ತೆಗೆದುಕೊಳ್ಳಲು ಅಂಗಳಕ್ಕಿಳಿದವಳ ಹಿಂದೆ ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಬೀಗದಕೈ ಒಳಗೆ, ಒಲೆಯ ಮೇಲಿನ ಅನ್ನ ಒಳಗೆ, ನಾನು ನೈಟಿಯಲ್ಲಿ ಹೊರಗೆ. ಯಾರೋ ಪುಣ್ಯಾತ್ಮರು ಹೆಂಚು ತೆಗೆದು ಒಳಗಿಳಿದು ಬಾಗಿಲು ತೆರೆಯುವ ಹೊತ್ತಿಗೆ ಅನ್ನ ಇದ್ದಿಲಾಗಿತ್ತು. ಅದೇ ದಿನ ಇನ್ನೊಂದು ಕೀ ಮಾಡಿಸಿ, ಭಾರೀ ಜಾಣತನವೆಂದುಕೊಂಡು, ತುಳಸಿ ಕುಂಡದ ಕೆಳಗೆ ಬಚ್ಚಿಟ್ಟೆ.

ಸಂಜೆ ಎರಡು ಮನೆಯಾಚೆಯಿಂದ ಒಬ್ಬ ಎತ್ತರದ, ಸಣಕಲು ಹೆಂಗಸು ಬಂದರು. ವಯಸ್ಸು ನಲವತ್ತೈದರ ಆಚೀಚೆ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಪರಿಚಯ ಗಿರಿಚಯ ಏನೂ ಇಲ್ಲ.

"ಟೀಚರೇ, ಎರಡನೇ ಕೀ ಎಲ್ಲಿಟ್ಟಿದ್ದೀರಿ ಅಂತ ನೀವು ಹೇಳ್ಬೇಡಿ, ನಾನೇ ಹೇಳ್ತೇನೆ" ಎಂದು ಅಂಗಳದಲ್ಲಿ ಒಮ್ಮೆ ಸುತ್ತ ನೋಡಿ, ಬಗ್ಗಿ ಕುಂಡ ಎತ್ತಿ, ಕೀ ತೆಗೆದು ನನ್ನ ಅಂಗೈ ಮೇಲಿಟ್ಟರು. ಹೊರಟುಹೋದರು.

ನನಗೆ ನಾಚಿಕೆಗಿಂತ ಹೆಚ್ಚಾಗಿ ಹಟ ಬಂತು. ಮರುದಿನ ಬಾಗಿಲ ಚೌಕಟ್ಟಿನ ಮೇಲಿಟ್ಟೆ. ಸಂಜೆ ಬಂದು ಅದನ್ನೂ ತೆಗೆದುಕೊಟ್ಟರು. ಮೂರನೆಯ ದಿನ ಕರೆಂಟ್ ಮೀಟರಿನ ಪೆಟ್ಟಿಗೆಯೊಳಗೆ ಸಿಕ್ಕಿಸಿದೆ. ಅದನ್ನು ತೆಗೆದುಕೊಡುವಾಗ ಮಾತ್ರ ನಗುತ್ತಾ ಕಟ್ಟೆಯ ಮೇಲೆ ಕುಳಿತರು.

"ಅಲ್ಲ ಮಾರಾಯ್ತಿ, ಇಲ್ಲಿಗೆ ತಿಂಗಳು ತಿಂಗಳು ಬಿಲ್ಲಿನವ ಬಂದು ಬಾಗಿಲು ತೆಗೀತಾನೆ. ಕೀಯನ್ನ ಜಾಗದಲ್ಲಿ ಇಡೋದಲ್ಲ. ಜನದ ಹತ್ರ ಇಡೋದು."

"ಯಾರ ಹತ್ರ ಇಡಲಿ? ಇಲ್ಲಿ ನನಗೆ ಯಾರೂ ಗೊತ್ತಿಲ್ಲ."

"ಅದಕ್ಕೇ ಮೂರು ದಿನದಿಂದ ಬರ್ತಾ ಇದ್ದೇನಲ್ಲ" ಎಂದರು.

ನಾನು ಕೀ ಕೊಟ್ಟೆ. ಅವರು ಅದನ್ನು ತಕ್ಷಣ ಒಯ್ಯಲಿಲ್ಲ. ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಮೂರು ಸಲ ನೋಡಿದರು. ಮೂರನೆಯ ಸಲ ಸ್ವಲ್ಪ ತಡೆಯಿತೆಂದು ನನ್ನನ್ನು ಪುನಃ ಕೀ ಮಾಡುವವನ ಹತ್ತಿರ ಕಳಿಸಿ ಅರ ಹಾಕಿಸಿದರು. ವರ್ಷಕ್ಕೊಮ್ಮೆ, ಮಳೆ ಬಿಟ್ಟು ದೀಪಾವಳಿ ಬರುವುದರೊಳಗೆ, ಅವರು ಹೀಗೆ ಎಲ್ಲರ ಕೀಯನ್ನೂ ಅವರವರ ಬಾಗಿಲಿಗೆ ಹಾಕಿ ನೋಡುತ್ತಿದ್ದರು. ನಮ್ಮಲ್ಲಿ ಮಳೆಗಾಲ ಕಳೆದರೆ ಬೀಗಗಳೆಲ್ಲ ತುಕ್ಕು ಹಿಡಿದು ಹಟಮಾರಿಗಳಾಗಿರುತ್ತವೆ. ಎಸ್ಟೇಟಿನ ಯಜಮಾನರ ಜೀಪಾದರೆ ಅದು ಊರಿಗೆ ಬಂದಾಗ ಹತ್ತಿ ಕುಳಿತು ಸ್ಟಾರ್ಟ್ ಮಾಡಿ ನೋಡುವರು. ಓಡಿಸಲು ಬರುತ್ತಿರಲಿಲ್ಲ. ಜೀಪು ಗುರ್ ಎಂದೊಡನೆ ಆಫ್ ಮಾಡಿ, ಇಳಿದು, ಸೆರಗು ಸರಿಮಾಡಿಕೊಂಡು, "ಸರಿ ಉಂಟು" ಎಂದು ಒಳಗೆ ಹೋಗುವರು. ಈ ಕೆಲಸಕ್ಕೆ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಅವರಿಗೊಂದು ನಿಯಮವಿತ್ತು. ಕೀ ಕೊಟ್ಟವರ ಕೈಗೇ ವಾಪಸು. ಕೊಟ್ಟವರು ಬೇರೆ ಯಾರನ್ನಾದರೂ ಕಳಿಸಿದರೆ, ಬಂದವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಆ ಬಟ್ಟೆಯಲ್ಲಿ ಏನು ಹೊಲಿಸಿದ್ದರು?

ಈ ನಿಯಮದಿಂದ ಒಂದು ದಿನ ನಾವೆಲ್ಲ ಉಪವಾಸ ಬಿದ್ದಿದ್ದೆವು. ಶಾಲೆಯ ಟೀಚರುಗಳು ಸೇರಿ ದೇವರಮನೆ ಗುಡ್ಡಕ್ಕೆ ಹೋಗಿದ್ದಾಗಿನ ಮಾತು. ಹಿರಿಯ ಟೀಚರ್ ಸುಶೀಲಮ್ಮನವರ ಮಾರುತಿ ವ್ಯಾನಿನಲ್ಲಿ ನಾವು, ಬೈಕಿನಲ್ಲಿ ಡ್ರಿಲ್ ಮಾಸ್ಟರ್ ಮಂಜಪ್ಪ. ದೇವಸ್ಥಾನ ನೋಡಿ ಹುಲ್ಲುಗುಡ್ಡ ಹತ್ತಿ ಇಳಿದು ಬರುವಾಗ ವ್ಯಾನಿನ ಕೀ ವ್ಯಾನಿನೊಳಗೇ ನೇತಾಡುತ್ತಿತ್ತು. ಬಾಗಿಲುಗಳೆಲ್ಲ ಲಾಕ್. ಒಳಗೆ ಚಿತ್ರಾನ್ನ, ಮೊಸರನ್ನ, ಎಲ್ಲರ ಸ್ವೆಟರು. ಹೊರಗೆ ಕಣಿವೆಯಿಂದ ಏರಿ ಬರುತ್ತಿದ್ದ ಮಂಜು ಮತ್ತು ನಾವು. ಕಲ್ಲಿನಿಂದ ಗಾಜು ಒಡೆಯೋಣ ಎಂದು ಮಂಜಪ್ಪ ಹೇಳಿದರೆ ಸುಶೀಲಮ್ಮ ಒಪ್ಪಲಿಲ್ಲ. "ಲಲಿತಕ್ಕನ ಹತ್ರ ಇನ್ನೊಂದು ಕೀ ಇದೆ, ಹೋಗಿ ತನ್ನಿ" ಎಂದು ಕಳಿಸಿದರು.

ಮಂಜಪ್ಪ ಒಂದೂಮುಕ್ಕಾಲು ಗಂಟೆಯ ಮೇಲೆ ಬರಿಗೈಯಲ್ಲಿ ಬಂದರು. ಮುಖ ಕೆಂಪಾಗಿತ್ತು.

"ಆ ಬಟ್ಟೆಯಲ್ಲಿ ಎಂತ ಹೊಲಿಸಿದ್ರಿ ಅಂತ ಕೇಳಿಕೊಂಡು ಬರಬೇಕಂತೆ. ನಾನು ಯಾರು ಅಂತ ಅವರಿಗೆ ಗೊತ್ತಿಲ್ವಾ? ಈ ಪ್ಯಾಂಟು ಹೊಲಿದದ್ದೇ ಅವರು."

ಸುಶೀಲಮ್ಮ ತಲೆ ಚಚ್ಚಿಕೊಂಡರು. "ಹೇಳಿ ಕಳಿಸೋಕೇ ಮರೆತೆ. ಮಗಳ ನಾಮಕರಣದ ಲಂಗ, ಹಳದಿ."

ಮಂಜಪ್ಪ ಪುನಃ ಹೋದರು. ನಾವು ಊಟ ಮಾಡಿದಾಗ ಸಂಜೆ ಐದು. ಮಂಜಪ್ಪ ಅವತ್ತು ಲಲಿತಕ್ಕನನ್ನು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಮುಂದಿನ ವಾರ ಅವರೇ ಸದ್ದಿಲ್ಲದೆ ತಮ್ಮ ಮನೆಯ ಕೀ ತಂದುಕೊಟ್ಟರಂತೆ. ಅದನ್ನು ಲಲಿತಕ್ಕ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಮಂಜಪ್ಪನವರು ರಿಟೈರಾದ ನಂತರ.

ಈ ಪ್ರಶ್ನೆಗೆ ಸರಿಯಾದ ಉತ್ತರ ಹೇಳಿದವನೊಬ್ಬನಿಗೂ ಅವರು ಕೀ ಕೊಡಲಿಲ್ಲ. ಅದರಿಂದ ಅವರ ಅಂಗಡಿಯೇ ಹೋಯಿತು.

ಶಾರದಾ ಎಂಬ ಅಂಗನವಾಡಿ ಟೀಚರ್ ಒಬ್ಬರಿದ್ದರು. ತವರಿನವರು ಕೊಟ್ಟ ತುಂಡು ಜಾಗದಲ್ಲಿ ತಾವೇ ನಿಂತು ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. ಗಂಡ ಉಮೇಶ ಲಾರಿ ಡ್ರೈವರ್. ಎರಡು ವರ್ಷದ ಹಿಂದೆ ಹೇಳದೆ ಕೇಳದೆ ಹೋದವನ ಪತ್ತೆ ಇರಲಿಲ್ಲ. ಶಾರದಾ ಟ್ರೇನಿಂಗ್ ಎಂದು ಹತ್ತು ದಿನ ಚಿಕ್ಕಮಗಳೂರಿಗೆ ಹೋಗಿದ್ದಾಗ ಅವನು ಬಂದ. ಆ ಮಧ್ಯಾಹ್ನ ನಾನು ಬ್ಲೌಸಿನ ಅಳತೆ ಕೊಡಲು ಅಂಗಡಿಯಲ್ಲೇ ಇದ್ದೆ. ಒಗೆದ ಬಿಳಿ ಶರ್ಟು, ಬಾಚಿದ ತಲೆ, ತುಂಬ ಮರ್ಯಾದೆಯ ಮಾತು.

"ಅಕ್ಕ, ನಮ್ಮ ಮನೆ ಕೀ ನಿಮ್ಮ ಹತ್ರ ಇದೆಯಂತೆ. ಬಸ್ಸಿನಲ್ಲಿ ಬಂದು ಸುಸ್ತಾಗಿದೆ, ಸ್ವಲ್ಪ ಮಲಗ್ಬೇಕು."

"ಶಾರದಾ ಕಳಿಸಿದ್ರಾ?"

"ಹೂಂ. ನೀವು ಕೇಳೋದು ನಂಗೊತ್ತು. ನೇರಳೆ ರೇಷ್ಮೆ ಅಲ್ವಾ, ನಮ್ಮ ಮದುವೆ ಬ್ಲೌಸು."

ಉತ್ತರ ಸರಿಯಾಗಿತ್ತು. ಲಲಿತಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು.

"ನೀವು ಹೇಳಿದ್ದು ಸರಿ. ಆದ್ರೆ ನೀವು ಹೋದ ಮೇಲೆ ಶಾರದಾ ಅದನ್ನ ಬಿಚ್ಚಿಸಿ, ಬೇರೆ ಬಟ್ಟೆಯಲ್ಲಿ ಹೊಲಿಸಿದ್ದಾರೆ. ಅವರು ಬರ್ಲಿ, ಕೊಡ್ತೇನೆ."

ಅವನು ನಗುನಗುತ್ತಲೇ ಹೋದ. ಮರುದಿನವೂ ನಾನು ಅಂಗಡಿಯಲ್ಲಿದ್ದಾಗ, ಲಲಿತಕ್ಕ ಬಾಡಿಗೆಗಿದ್ದ ಆ ಮಳಿಗೆಯ ಮಾಲೀಕರನ್ನು ಕರೆದುಕೊಂಡು ಬಂದ. ಅವರು ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಕೆಟ್ಟವರೇನಲ್ಲ. ಜಗಳ ಇಷ್ಟಪಡದವರು.

"ಲಲಿತಾ, ಗಂಡ ಹೆಂಡ್ತಿ ವಿಷಯ. ನಿಮಗ್ಯಾಕೆ? ಕೊಟ್ಟುಬಿಡಿ."

"ಇವರ ಮನೆ ಆದ್ರೆ ಬೀಗ ಒಡೀಬಹುದಲ್ಲ ಸಾರ್. ನಾನು ಬೇಡ ಅನ್ನೋದಿಲ್ಲ."

"ಕೀ ಇರುವಾಗ ಒಡೆಯೋದು ಎಂತಕ್ಕೆ?"

"ಬೀಗ ಒಡೆದ್ರೆ ಕೇರಿ ಕೇಳ್ತದೆ, ಯಾಕೆ ಅಂತ ನಾಲ್ಕು ಜನ ಬರ್ತಾರೆ. ಕೀಯಲ್ಲಿ ತೆಗೆದ್ರೆ ಗಂಡ ಮನೆಗೆ ಬಂದ ಅಂತಾರೆ. ಇವರಿಗೆ ಬೇಕಾಗಿರೋದು ಅದು. ನಾನು ಕೊಡೋದಿಲ್ಲ ಸಾರ್, ತಪ್ಪು ತಿಳೀಬೇಡಿ."

ಅವರು ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಆಗ ನಾನು ಆಡಿದ ಮಾತನ್ನು ಬರೆಯಲು ಇವತ್ತಿಗೂ ಸಂಕೋಚವಾಗುತ್ತದೆ. "ಕೊಟ್ಟುಬಿಡಿ ಲಲಿತಕ್ಕ. ಯಾರದೋ ಮನೆ ವಿಷಯಕ್ಕೆ ನಿಮ್ಮ ಅಂಗಡಿ ಯಾಕೆ ಕಳ್ಕೊಳ್ತೀರಿ?" ಎಂದುಬಿಟ್ಟೆ.

ಅವರು ಬೈಯಲಿಲ್ಲ. ತುಟಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ನಂತರ ಹೇಳಿದರು. ಅವರ ಗಂಡ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದರು. ಮದುವೆಯಾದ ಆರನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಸಂಸೆಯ ತಾಯಿಮನೆಗೆ ಹೋಗಿ ಒಂದು ತಿಂಗಳು ಇದ್ದು ಲಲಿತಕ್ಕ ಗಂಡನ ಮನೆಗೆ ಹಿಂತಿರುಗಿದರು.

"ಬಾಗಿಲಿಗೆ ಬೀಗ ಇತ್ತು. ನನ್ನ ಹತ್ರ ನನ್ನ ಕೀ ಇತ್ತು. ಹಾಕಿದೆ, ತಿರುಗಲಿಲ್ಲ. ಮಳೆಗೆ ತುಕ್ಕು ಹಿಡಿದಿರಬೇಕು ಅಂದ್ಕೊಂಡೆ. ಪಕ್ಕದ ಮನೆಗೆ ಹೋಗಿ ಒಂದು ಚೂರು ಎಣ್ಣೆ ಇಸ್ಕೊಂಡು ಬಂದು ಬೀಗಕ್ಕೆ ಬಿಟ್ಟೆ. ಆ ಮನೆಯವರು ಎಣ್ಣೆ ಕೊಟ್ರು, ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆ ತಿರುಗಿಸಿದೆ ಟೀಚರೇ. ಕೈಯೆಲ್ಲ ಎಣ್ಣೆ. ಆಮೇಲೆ ನೋಡ್ತೇನೆ, ಬೀಗವೇ ಬೇರೆ. ಹಿಂದಿನ ಬಾಗಿಲಲ್ಲಿ ಹೋಗಿ ಬರ್ತಾ ಇದ್ರು ಗಂಡನ ಮನೆಯವರು. ಒಳಗಿಂದ ನಮ್ಮತ್ತೆ ಕಿಟಕಿಯಲ್ಲಿ ನಿಂತು ನೋಡ್ತಾ ಇದ್ರು."

ಸೂಜಿಗಳನ್ನು ಮತ್ತೆ ಎತ್ತಿಕೊಳ್ಳುತ್ತಾ, "ಶಾರದಾ ಬಂದು ಬಾಗಿಲ ಎದುರು ಹಾಗೆ ನಿಲ್ಲಬಾರದು" ಎಂದರು.

ಶಾರದಾ ಬಂದ ಮೇಲೆ ವಿಷಯ ಹೊರಬಿತ್ತು. ಉಮೇಶ ಆ ಮನೆಯನ್ನು ಯಾರಿಗೋ ತೋರಿಸಿ ಮಾತು ಮುಗಿಸಿದ್ದ. ಮನೆಯ ಪತ್ರಗಳು ಒಳಗೆ ಟ್ರಂಕಿನಲ್ಲಿದ್ದವು. ಹೆಂಡತಿ ಬರುವುದರೊಳಗೆ ಅವು ಅವನ ಕೈಗೆ ಬೇಕಿದ್ದವು. ಅವು ಸಿಗಲಿಲ್ಲ, ಹಾಗಾಗಿ ಅವನು ಮತ್ತೆ ಕಾಣೆಯಾದ. ಶಾರದಾ ಅಂಗಡಿಗೆ ಬಂದು ಲಲಿತಕ್ಕನ ಮೊಣಕಾಲಿಗೆ ಹಣೆ ಇಟ್ಟು ಅತ್ತರು. ಲಲಿತಕ್ಕ ಅವರ ಬೆನ್ನು ತಟ್ಟಿ, "ಇವತ್ತೇ ಬೀಗ ಬದಲಾಯಿಸಿ. ಹೊಸ ಕೀ ನಾಳೆ ತನ್ನಿ" ಎಂದಷ್ಟೇ ಹೇಳಿದರು.

ಮಳಿಗೆಯ ಮಾಲೀಕರಿಗೆ ತಾವು ಮೋಸಗಾರನ ಪರ ನಿಂತದ್ದು ಊರಿಗೆ ತಿಳಿಯಿತಲ್ಲ ಎಂಬುದೇ ದೊಡ್ಡದಾಯಿತು. ಎದುರು ಸಿಕ್ಕರೆ ಮುಖ ತಿರುಗಿಸುವರು. ತಿಂಗಳೊಳಗೆ, ಮಳಿಗೆ ತಮ್ಮ ಸ್ವಂತ ಉಪಯೋಗಕ್ಕೆ ಬೇಕು ಎಂದು ಹೇಳಿ ಕಳಿಸಿದರು. ಅವರ ಮನಸ್ಸು ನೋಯಿಸಬಾರದೆಂದು ಐದಾರು ಮನೆಯವರು ತಮ್ಮ ಕೀ ವಾಪಸು ಇಸಿದುಕೊಂಡರು. ಪ್ರತಿಯೊಂದು ಚೀಲವನ್ನೂ ಲಲಿತಕ್ಕ ಅವರ ಎದುರಿಗೇ ಬಿಚ್ಚಿ, ಕೀ ಕೊಟ್ಟು, ಬಟ್ಟೆಯ ತುಂಡನ್ನೂ ಮಡಚಿ ಕೊಟ್ಟರು. ಅಂಗಡಿ ಖಾಲಿ ಮಾಡಿದ ದಿನ ಮಿಷನ್ ತಳ್ಳುಗಾಡಿಯಲ್ಲಿ ಹೋಯಿತು. ಗೋಣಿಚೀಲವನ್ನು ಮಾತ್ರ ಅವರು ಗಾಡಿಗೆ ಹಾಕಲು ಬಿಡಲಿಲ್ಲ. ತಲೆಯ ಮೇಲೆ ಹೊತ್ತುಕೊಂಡು, ಟೇಪು ಕೊರಳಲ್ಲಿ ಹಾಗೇ ಇದ್ದಂತೆ, ಬಸ್ ಸ್ಟ್ಯಾಂಡಿನ ನಡುವಿನಿಂದಲೇ ನಡೆದರು. ನಾನು ಕತ್ತರಿ, ಇಸ್ತ್ರಿಪೆಟ್ಟಿಗೆ ಹಿಡಿದು ಹಿಂದೆ ಹೋದೆ.

ಆಮೇಲಿನ ಹೊಲಿಗೆಯೆಲ್ಲ ಮನೆಯ ಜಗಲಿಯಲ್ಲೇ. ಗಿರಾಕಿ ಕಡಿಮೆಯಾದರು. ಕೀಗಳು ನಿಧಾನಕ್ಕೆ ಮತ್ತೆ ಹೆಚ್ಚಾದವು. ಅದರಲ್ಲೂ ಒಬ್ಬೊಬ್ಬರೇ ಇರುವ ಹೆಂಗಸರದ್ದು.

ಹೊಸ ಶತಮಾನ ಶುರುವಾಗಿ ಮೂರು ನಾಲ್ಕು ವರ್ಷಕ್ಕೆ ನನಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಹೋಗಿ ಎರಡು ವರ್ಷವಾಗಿತ್ತು. ಒಂದು ದಿನ ಲಲಿತಕ್ಕ ಫೋನ್ ಮಾಡಿ, "ಭಾನುವಾರ ಬನ್ನಿ ಟೀಚರೇ, ಸ್ವಲ್ಪ ಬರೆಯೋ ಕೆಲಸ ಉಂಟು" ಎಂದರು. ಹೋದೆ. ಅವರು ಇಳಿದುಹೋಗಿದ್ದರು. ಹಿಂದಿನ ವಾರ ಒಬ್ಬರು ಕೀ ಕೇಳಲು ಬಂದಾಗ ಬೇರೆ ಯಾರದೋ ಚೀಲ ತೆಗೆದುಕೊಟ್ಟಿದ್ದರಂತೆ. ಅವರು ನೋಡಿ ನಕ್ಕು, "ಇದು ನನ್ನದಲ್ಲ ಲಲಿತಕ್ಕ" ಎಂದು ವಾಪಸು ಕೊಟ್ಟರಂತೆ.

"ಅವರು ಒಳ್ಳೆಯವರು, ನಕ್ಕರು. ಇನ್ನೊಬ್ಬರು ನಗದೆ ತಗೊಂಡು ಹೋದ್ರೆ?" ಎಂದರು. "ಈಚೆಗೆ ಮರೀತದೆ ಟೀಚರೇ. ಒಲೆ ಮೇಲೆ ಹಾಲಿಟ್ಟದ್ದು ಮರೀತದೆ. ಇದೂ ಮರೆಯೋ ಮೊದಲು ಎಲ್ಲ ವಾಪಸು ಕೊಡಬೇಕು. ನಾನು ಹೇಳ್ತೇನೆ, ನೀವು ಬರೀರಿ."

ಜಗಲಿಯಲ್ಲಿ ಚೀಲ ಸುರಿದು ಕುಳಿತೆವು. ಒಂದೊಂದನ್ನೂ ಮುಟ್ಟಿ, ಕಣ್ಣು ಮುಚ್ಚಿ, ಹೆಸರು ಹೇಳುತ್ತಾ ಹೋದರು. ಕೆಲವಕ್ಕೆ ತಕ್ಷಣ ಹೆಸರು ಬಂತು. ಕೆಲವಕ್ಕೆ ಮದುವೆ, ಸೀಮಂತ, ಹುಡುಗಿಯ ತುಟಿಯ ಮಚ್ಚೆ, ಹೀಗೆ ಸುತ್ತಿ ಬಳಸಿ ಹೆಸರಿನ ಹತ್ತಿರ ಬರುತ್ತಿದ್ದರು. ಒಂಬತ್ತು ಚೀಲಗಳು ಉಳಿದವು. ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ಮುಟ್ಟಿ ನೋಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ನಂತರದ ವಾರಗಳಲ್ಲಿ ಹೇಳಿ ಕಳಿಸಿದವರೆಲ್ಲ ಬಂದು ಕೀ ಒಯ್ದರು. ಸುದ್ದಿ ಹಬ್ಬಿ, ಹೇಳದವರೂ ಬಂದರು. ಲಲಿತಕ್ಕನಿಗೆ ಹೊಳೆಯದ ಒಂಬತ್ತನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೆವು. ಒಬ್ಬ ಹೆಂಗಸು ಮೆಟ್ಟಿಲು ಹತ್ತುವಾಗಲೇ ಕೈ ಚಾಚಿ, "ಅದು ನನ್ನ ತಂಗಿ ಮದುವೆಯದ್ದು" ಎಂದು ಒಂದನ್ನು ಎತ್ತಿಕೊಂಡರು. ಹಾಗೆ ಏಳು ಹೋದವು. ಉಳಿದ ಎರಡನ್ನು ಲಲಿತಕ್ಕ ನನ್ನನ್ನು ಕರೆದುಕೊಂಡು ಹೋಗಿ ಕುಲುಮೆಯವನ ಎದುರು ನಿಂತು ಬಡಿಸಿ ಚಪ್ಪಟೆ ಮಾಡಿಸಿದರು. ತಗಡಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ಆ ವರ್ಷವೇ ಅವರ ಅಣ್ಣನ ಮಗಳು ಬಂದು ಸಂಸೆಗೆ ಕರೆದುಕೊಂಡು ಹೋದಳು. ನಾನು ಒಂದು ಸಲ ಹೋಗಿ ನೋಡಿದೆ. ಕಳಸದವರೆಗೆ ಬಸ್ಸು, ಅಲ್ಲಿಂದ ಜೀಪು. ಅಂಗಳದಲ್ಲಿ ಕಾಫಿ ಒಣಗಲು ಹರಡಿತ್ತು. ಲಲಿತಕ್ಕ ಬಿಸಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ಕೊರಳಲ್ಲಿ ಟೇಪು ಇರಲಿಲ್ಲ. ನನ್ನ ಮುಖ ನೋಡಿ ನಕ್ಕರು. ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ನನ್ನ ತೋಳನ್ನು ಮೇಲಿನಿಂದ ಕೆಳಗೆ ಮುಟ್ಟಿ, "ಸಪೂರ ಆಗಿದ್ದೀರಿ" ಎಂದರು. ಅವಲಕ್ಕಿ ತಿನ್ನುವಾಗ ಇದ್ದಕ್ಕಿದ್ದಂತೆ ಕೇಳಿದರು:

"ಮನೆಗೆ ಬೀಗ ಹಾಕಿ ಬಂದ್ರಾ?"

"ಹೂಂ, ಹಾಕಿದ್ದೇನೆ."

"ಇನ್ನೊಂದು ಕೀ ಯಾರ ಹತ್ರ ಉಂಟು?"

ಚಿಕ್ಕಮಗಳೂರಿನ ಆ ಬಾಡಿಗೆ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ಎರಡನೇ ಕೀ ನನ್ನದೇ ಬೀರುವಿನಲ್ಲಿತ್ತು. "ಪಕ್ಕದ ಮನೆಯವರ ಹತ್ರ" ಎಂದು ಸುಳ್ಳು ಹೇಳಿದೆ.

"ಒಳ್ಳೆ ಜನವಾ?"

"ಹೌದು ಲಲಿತಕ್ಕ. ತುಂಬಾ ಒಳ್ಳೆಯವರು."

"ಹಾಗಾದ್ರೆ ಸರಿ" ಎಂದು ತಟ್ಟೆಯತ್ತ ತಿರುಗಿದರು. ಅದೇ ನಮ್ಮ ಕೊನೆಯ ಮಾತು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ರಸ್ತೆ ಕುಸಿದು ಬಸ್ಸು ನಿಂತಿದ್ದರಿಂದ ನನಗೆ ಹೋಗಲಾಗಲಿಲ್ಲ.

ಸಂಸೆಯಿಂದ ಬಂದ ದಿನ ನಾನು ಚಪ್ಪಲಿ ಕೂಡ ಬಿಡದೆ ಬೀರು ತೆರೆದು ಕೀ ತೆಗೆದುಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ. ಮೂರು ವರ್ಷದಲ್ಲಿ ಆ ಮನೆಯಾಕೆಯೊಡನೆ ನೀರು ಬಂತಾ ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ನನ್ನ ಹೆಸರು ಹೇಳಿ, ಒಬ್ಬಳೇ ಇರುವವಳು, ಇದೊಂದು ನಿಮ್ಮ ಹತ್ತಿರ ಇರಲಿ ಎಂದೆ. ಆಕೆ ಕೀ ತೆಗೆದುಕೊಂಡು ಒಳಗೆ ಹೋದರು. ತಪ್ಪು ಮಾಡಿದೆನೇನೋ ಎಂದುಕೊಂಡು ಹೊಸಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಹೊರಗೆ ಬಂದು, ತಮ್ಮ ಮನೆಯ ಕೀಯನ್ನು ನನ್ನ ಕೈಯಲ್ಲಿಟ್ಟರು.

"ನಮ್ಮದೂ ನೀವು ಇಟ್ಕೊಳ್ಳಿ" ಎಂದರು. "ಯಾರನ್ನ ಕೇಳೋದು ಅಂತ ಗೊತ್ತಾಗದೆ ಸುಮ್ನಿದ್ದೆ."